ಬ್ಯಾಂಕ್ ಮ್ಯಾನೇಜರ್ ಸಂಬಳ ಪಟ್ಟಿ: ಗ್ರೇಡಿಗೆ ನಾಲ್ಕು ಸ್ಟಾರ್, ಊರಿನ ಲೆಕ್ಕಕ್ಕೆ ಒಂದೂವರೆ

ಸರ್ಕಾರಿ ಬ್ಯಾಂಕುಗಳ ಅಧಿಕಾರಿಗಳಿಗೆ ಈಗ ಜಾರಿಯಲ್ಲಿರುವ ಸಂಬಳ ಪಟ್ಟಿಯ ರಿವ್ಯೂ ಇದು. 2024ರ ಮಾರ್ಚ್ 8ರಂದು ಬ್ಯಾಂಕುಗಳ ಒಕ್ಕೂಟವಾದ ಐಬಿಎ (ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್) ಮತ್ತು ಅಧಿಕಾರಿಗಳ ಸಂಘಗಳು ಸಹಿ ಹಾಕಿದ ಜಾಯಿಂಟ್ ನೋಟ್, ಅಂದರೆ ಸಂಬಳದ ಒಪ್ಪಂದ. 2022ರ ನವೆಂಬರ್ 1ರಿಂದ ಲೆಕ್ಕಕ್ಕೆ ಬಂದಿದೆ. ಇದು ಬಂದಾಗ ಎಲ್ಲರೂ ಮಾತಾಡಿದ್ದು ಶೇ. 17 ಹೆಚ್ಚಳ, ಅದಕ್ಕೆ ಬ್ಯಾಂಕುಗಳಿಗೆ ತಗಲುವ 8,284 ಕೋಟಿ ರೂಪಾಯಿ ಅನ್ನುವ ಎರಡು ಅಂಕಿ ಬಗ್ಗೆ ಮಾತ್ರ. ನಾನು ನೋಡುವುದು ಬೇರೆ ವಿಷಯ. ಒಬ್ಬ ಮ್ಯಾನೇಜರ್‌ನನ್ನು ಬೆಂಗಳೂರಿನಲ್ಲಿ ಕೂರಿಸಿದರೂ, ದೇವದುರ್ಗದ ಕಡೆ ಒಂದು ಹಳ್ಳಿಯಲ್ಲಿ ಕೂರಿಸಿದರೂ, ಈ ಪಟ್ಟಿ ಇಬ್ಬರಿಗೂ ನ್ಯಾಯ ಮಾಡುತ್ತದಾ? ಎರಡೂ ಕಡೆ ಕೆಲಸ ಮಾಡಿದ್ದೇನೆ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ, ಈಗ ಬೆಂಗಳೂರಿನ ಅಂಚಿನಲ್ಲಿದ್ದೇನೆ. ಬ್ಯಾಂಕಿನ ಹೆಸರು ಬೇಡ, ಯಾಕೆಂದರೆ ಪಟ್ಟಿ ಎಲ್ಲರಿಗೂ ಒಂದೇ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಗ್ರೇಡ್, ಅಂದರೆ ಸಂಬಳದ ಸ್ಕೇಲ್, ಅನ್ನುವುದು ಊರಿಗೆ ಅಂಟಿಕೊಂಡಿಲ್ಲ, ವ್ಯಕ್ತಿಗೆ ಅಂಟಿಕೊಂಡಿದೆ. ಸ್ಕೇಲ್ ಒನ್ ಅಧಿಕಾರಿಯ ಬೇಸಿಕ್ (ಮೂಲ ವೇತನ) 48,480 ರೂಪಾಯಿಯಿಂದ ಶುರುವಾಗಿ 85,920ರವರೆಗೆ ಹೋಗುತ್ತದೆ. ಸ್ಕೇಲ್ ಟೂ ಮ್ಯಾನೇಜರ್‌ಗೆ 64,820ರಿಂದ 93,960. ಸ್ಕೇಲ್ ತ್ರೀ ಸೀನಿಯರ್ ಮ್ಯಾನೇಜರ್‌ಗೆ 85,920ರಿಂದ 1,05,280. ಇದು ಬೀದರ್‌ನಲ್ಲೂ ಇಷ್ಟೇ, ಬೆಂಗಳೂರಲ್ಲೂ ಇಷ್ಟೇ, ಗುವಾಹಟಿಯಲ್ಲೂ ಇಷ್ಟೇ. ಯಾವ ಬ್ಯಾಂಕು ಅನ್ನುವುದೂ ಇಲ್ಲಿ ಮುಖ್ಯವಲ್ಲ.

ಹೊಸದಾಗಿ ಸೇರಿದವರಿಗೆ ಇದು ಮೊದಲಿನಿಂದಲೂ ಹೀಗೇ ಇತ್ತು ಅನ್ನಿಸಬಹುದು. ಇರಲಿಲ್ಲ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣ ಆದಮೇಲೂ ಅಧಿಕಾರಿಗಳಿಗೆ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಸಂಬಳ, ಒಂದೊಂದು ಭತ್ಯೆ ಇತ್ತು. ಪಿಳ್ಳೈ ಸಮಿತಿ 1974ರಲ್ಲಿ ವರದಿ ಕೊಟ್ಟು, ಅದು 1979ರ ಜುಲೈ 1ರಿಂದ ಜಾರಿಗೆ ಬಂದಮೇಲೆ ಈ ಸ್ಕೇಲ್‌ಗಳು ಒಂದಾದವು. ಅದು ದೊಡ್ಡ ಕೆಲಸ. ಹಾಗಾಗಿ "ಹಳ್ಳಿ ಮ್ಯಾನೇಜರ್‌ಗೆ ಬೇರೆ ಗ್ರೇಡ್, ಸಿಟಿ ಮ್ಯಾನೇಜರ್‌ಗೆ ಬೇರೆ ಗ್ರೇಡ್ ಮಾಡಿ" ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾವ ಕಡೆಗೆ ಜಾಸ್ತಿ ಕೊಟ್ಟರೂ ಒಪ್ಪುವುದಿಲ್ಲ. ಊರು ನೋಡಿ ಗ್ರೇಡ್ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣ ಮುಂದೆಯೇ ಒಂದು ಉದಾಹರಣೆ ಇದೆ.

ಅದು ಗ್ರಾಮೀಣ ಬ್ಯಾಂಕುಗಳ ಕಥೆ. 1975ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಅಕ್ಟೋಬರ್ 2ಕ್ಕೆ ಮೊದಲ ಐದು ಬ್ಯಾಂಕು ಶುರುವಾದವು. ಹಳ್ಳಿಗೆ ಕಡಿಮೆ ಖರ್ಚಿನ ಬ್ಯಾಂಕು ಬೇಕು ಅನ್ನುವುದು ಯೋಚನೆ. ಖರ್ಚು ಕಡಿಮೆ ಮಾಡಲು ಕಂಡುಕೊಂಡ ದಾರಿ ಎಂದರೆ ನೌಕರರ ಸಂಬಳವನ್ನು ಆಯಾ ರಾಜ್ಯ ಸರ್ಕಾರದ ಅದೇ ಮಟ್ಟದ ನೌಕರರಿಗೆ ಸಮ ಮಾಡುವುದು. ಪಕ್ಕದ ತಾಲ್ಲೂಕು ಕೇಂದ್ರದಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್ ಅದೇ ಬೆಳೆ ಸಾಲ ಕೊಡುತ್ತಿದ್ದ, ಅದೇ ರೈತನ ಹತ್ತಿರ ರಿಕವರಿಗೆ ಹೋಗುತ್ತಿದ್ದ, ಆದರೆ ಅವನ ಸಂಬಳ ಬೇರೆ, ಇವನ ಸಂಬಳ ಬೇರೆ. ಇದು ಸರಿಯಾಗಲು ಎಷ್ಟು ಕಾಲ ಬೇಕಾಯಿತು ನೋಡಿ. ನ್ಯಾಯಮೂರ್ತಿ ಓಬುಲ ರೆಡ್ಡಿ ಅವರ ನ್ಯಾಯಮಂಡಳಿ 1990ರಲ್ಲಿ ತೀರ್ಪು ಕೊಟ್ಟು, 1987ರ ಸೆಪ್ಟೆಂಬರ್ 1ರಿಂದ ಲೆಕ್ಕ ಹಾಕಿ, ಗ್ರಾಮೀಣ ಬ್ಯಾಂಕಿನವರಿಗೂ ಪ್ರಾಯೋಜಕ ಬ್ಯಾಂಕಿನ (ಅದನ್ನು ಹುಟ್ಟುಹಾಕಿದ ದೊಡ್ಡ ಬ್ಯಾಂಕಿನ) ಸಮಾನ ಸಂಬಳ ಅಂತ ಹೇಳಿತು. ಅದಾದಮೇಲೂ ಕೋರ್ಟು ಅಲೆದಾಟ ಮುಗಿಯಲಿಲ್ಲ, 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇವತ್ತು ನಮ್ಮಲ್ಲಿ ಎರಡು ಗ್ರಾಮೀಣ ಬ್ಯಾಂಕು ಸೇರಿ 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿ ಒಂದೇ ಬ್ಯಾಂಕು ಆಗಿದೆ. ಅಲ್ಲಿನ ಮ್ಯಾನೇಜರ್‌ಗಳು ಈಗ ಪಡೆಯುತ್ತಿರುವ ಸಂಬಳದ ಹಿಂದೆ ಆ ಹೋರಾಟ ಇದೆ. ಊರು ಸಣ್ಣದು ಅಂದ ತಕ್ಷಣ ಸಂಬಳವೂ ಸಣ್ಣದಾಗಿರಲಿ ಅನ್ನುವ ವಾದವನ್ನು ಅವರು ಸೋಲಿಸಿದರು. ಅದನ್ನು ಮತ್ತೆ ಹಿಂಬಾಗಿಲಿನಿಂದ ಒಳಗೆ ಬಿಡಬಾರದು.

ಆದರೆ ಹಿಂಬಾಗಿಲಿನಿಂದ ಅದು ಸ್ವಲ್ಪ ಒಳಗೆ ಬಂದಿದೆ. ಹೇಗೆ ಅಂದರೆ, ಸ್ಕೇಲ್ ಊರಿಗೆ ಅಂಟಿಲ್ಲ ನಿಜ, ಆದರೆ ಕುರ್ಚಿ ಶಾಖೆಗೆ ಅಂಟಿದೆ. ಯಾವ ಶಾಖೆಗೆ ಯಾವ ಸ್ಕೇಲಿನ ಮ್ಯಾನೇಜರ್ ಅಂತ ತೀರ್ಮಾನ ಆಗುವುದು ಮುಖ್ಯವಾಗಿ ಆ ಶಾಖೆಯ ವ್ಯವಹಾರ ಎಷ್ಟು ಕೋಟಿ ಅನ್ನುವುದರ ಮೇಲೆ. ಹಳ್ಳಿ ಶಾಖೆ ಅಂದರೆ ಸ್ಕೇಲ್ ಒನ್ ಅಥವಾ ಟೂ. ಜಿಲ್ಲಾ ಕೇಂದ್ರದ ಮುಖ್ಯ ಶಾಖೆ ಆದರೆ ಅದಕ್ಕಿಂತ ಮೇಲೆ. ಬೆಂಗಳೂರಿನ ದೊಡ್ಡ ಶಾಖೆಗೆ ಚೀಫ್ ಮ್ಯಾನೇಜರ್ ಅಥವಾ ಎಜಿಎಂ (ಅಸಿಸ್ಟೆಂಟ್ ಜನರಲ್ ಮ್ಯಾನೇಜರ್). ಕೋಟಿ ನೋಡಿದರೆ ಇದು ಸರಿಯೇ. ದೊಡ್ಡ ಸಾಲಕ್ಕೆ ಸಹಿ ಹಾಕುವವನ ಮೇಲೆ ದೊಡ್ಡ ಜವಾಬ್ದಾರಿ ಇರುತ್ತದೆ, ತನಿಖೆ ಬಂದರೆ ಅವನ ತಲೆಗೇ ಬರುತ್ತದೆ. ಆದರೆ ಕೆಲಸವನ್ನು ಕೋಟಿಯಲ್ಲಿ ಮಾತ್ರ ಅಳೆಯಲು ಆಗುವುದಿಲ್ಲ. ಒಂದು ಕೋಟಿಯ ಒಂದು ಗೃಹಸಾಲಕ್ಕೂ, ಒಂದೊಂದು ಲಕ್ಷದ ನೂರು ಬೆಳೆ ಸಾಲಕ್ಕೂ ವ್ಯವಹಾರದ ಪಟ್ಟಿಯಲ್ಲಿ ಒಂದೇ ಬೆಲೆ. ನೂರು ಬೆಳೆ ಸಾಲ ಅಂದರೆ ನೂರು ಪಹಣಿ, ನೂರು ಆಧಾರ್, ನೂರು ಜನರ ಹೆಸರಿನ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ, ಬೆಳೆ ವಿಮೆ ಅಪ್‌ಲೋಡ್ ಮಾಡುವ ಕೊನೆಯ ದಿನ ಸರ್ವರ್ ನಿಧಾನ, ನೂರು ಜನರ ರಿನ್ಯೂವಲ್, ಅದರಲ್ಲಿ ಮಳೆ ಬಾರದ ವರ್ಷ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಇದರ ಜೊತೆ ಜನಧನ್ ಖಾತೆ, 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ, ಸ್ತ್ರೀ ಸಂಘಗಳ ಸಾಲ, ಪೆನ್ಷನ್ ಬಂತಾ ಅಂತ ಕೇಳಲು ಬೆಳಿಗ್ಗೆಯೇ ಬಂದು ಕಟ್ಟೆ ಮೇಲೆ ಕುಳಿತ ಅಜ್ಜಿಯರು. ಇವರೆಲ್ಲರ ಕೆಲಸ ಮಾಡಿಕೊಡಬೇಕು, ಅದು ನನಗೆ ಇಷ್ಟದ ಕೆಲಸವೂ ಹೌದು. ವ್ಯವಹಾರದ ಅಂಕಿಯಲ್ಲಿ ಮಾತ್ರ ಇದು ಕಾಣುವುದೇ ಇಲ್ಲ.

ಮತ್ತೆ ಬೀಗದ ಕೈ ವಿಷಯ. ಕ್ಯಾಷ್ ಯಾವಾಗಲೂ ಇಬ್ಬರ ಜಾಯಿಂಟ್ ಕಸ್ಟಡಿಯಲ್ಲಿ ಇರಬೇಕು, ಅದು ನಿಯಮ, ಇರಲೇಬೇಕು ಕೂಡ. ದೊಡ್ಡ ಶಾಖೆಯಲ್ಲಿ ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಅಧಿಕಾರಿ ಬೀಗದ ಕೈ ತಗೊಳ್ಳುತ್ತಾನೆ. ಹಳ್ಳಿಯಲ್ಲಿ ಒಬ್ಬ ಮ್ಯಾನೇಜರ್, ಒಬ್ಬರೋ ಇಬ್ಬರೋ ಸಿಬ್ಬಂದಿ. ನನಗೆ ಜ್ವರ ಬಂದರೆ ಬೇರೆ ಶಾಖೆಯಿಂದ ಯಾರಾದರೂ ಬರುವವರೆಗೆ ಹಾಸಿಗೆಯಿಂದ ಎದ್ದು ಹೋಗಿ ಸೇಫ್ ತೆಗೆದುಕೊಡಬೇಕಿತ್ತು. ರೀಜನಲ್ ಆಫೀಸಿಗೆ ಫೋನ್ ಮಾಡಿದರೆ "ಇವತ್ತೊಂದು ದಿನ ಹೇಗಾದರೂ ಮ್ಯಾನೇಜ್ ಮಾಡಿ" ಅನ್ನುವ ಉತ್ತರ. ಊರು ಬಿಟ್ಟು ಹೋಗಲು ಪರ್ಮಿಷನ್ ಬೇಕು. ಅಂದರೆ ಆ ಊರಿನಲ್ಲಿ ಇರುವಷ್ಟು ದಿನವೂ ನಾನು ಡ್ಯೂಟಿ ಮೇಲೆ ಇದ್ದ ಹಾಗೆ. ಈ ಹೊರೆಗೆ ಸಂಬಳ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.

ಈಗ ಊರು ನೋಡಿ ಕೊಡುವ ಭತ್ಯೆಗಳಿಗೆ ಬರೋಣ. ಒಂದೂವರೆ ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಮನೆ ಬಾಡಿಗೆ ಭತ್ಯೆಯಿಂದ ಶುರು ಮಾಡುತ್ತೇನೆ. 2015ರ ಒಪ್ಪಂದದಲ್ಲಿ ಬೇಸಿಕ್ ಮೇಲೆ ದೊಡ್ಡ ನಗರಕ್ಕೆ ಶೇ. 9, ಅದರ ಕೆಳಗಿನ ಊರಿಗೆ ಶೇ. 8, ಉಳಿದವರಿಗೆ ಶೇ. 7 ಅಂತ ಇತ್ತು. 2020ರ ನವೆಂಬರ್ ಒಪ್ಪಂದದಲ್ಲಿ ಈ ಮೂರನ್ನೂ ಅಳಿಸಿ ಎಲ್ಲಾ ಊರಿಗೂ ಶೇ. 10.25 ಮಾಡಿದರು. ಆಗ ಹಳ್ಳಿಯಲ್ಲಿದ್ದವರಿಗೆ ಖುಷಿ ಆಯಿತು, ಸಹಜ. ಆದರೆ 64,820 ಬೇಸಿಕ್ ಇರುವ ಮ್ಯಾನೇಜರ್‌ಗೆ ಶೇ. 10.25 ಅಂದರೆ ಸುಮಾರು 6,644 ರೂಪಾಯಿ. ಇದರಲ್ಲಿ ಬೆಂಗಳೂರಿನಲ್ಲಿ ಸಂಸಾರ ಇರುವಂಥ ಮನೆ ಎಲ್ಲಿ ಸಿಗುತ್ತದೆ ಹೇಳಿ. ಕೇಂದ್ರ ಸರ್ಕಾರಿ ನೌಕರರ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. ಉಳಿದದ್ದೆಲ್ಲ ಝಡ್. ಡಿಎ (ತುಟ್ಟಿಭತ್ಯೆ) ಶೇ. 50 ಮುಟ್ಟಿದ 2024ರ ಜನವರಿಯಿಂದ ಇವರಿಗೆ ಬೇಸಿಕ್ ಮೇಲೆ ಶೇ. 30, 20, 10. ಅಂದರೆ ಝಡ್ ಊರಿನ ನೌಕರನಿಗೆ ಸಿಗುವ ಶೇಕಡಾ ಲೆಕ್ಕ ಹೆಚ್ಚುಕಮ್ಮಿ ನಮ್ಮದರಷ್ಟೇ ಇದೆ. ಬೆಂಗಳೂರಿನವನಿಗೆ ಮೂರು ಪಟ್ಟು.

ಬ್ಯಾಂಕಿನವರಿಗೆ ಲೀಸ್ ಮನೆ ಇದೆಯಲ್ಲ ಅಂತ ನೀವು ಕೇಳುತ್ತೀರಿ. ಇದೆ, ಮತ್ತು ಅದು ದೊಡ್ಡ ಸೌಲಭ್ಯ. ಬೆಂಗಳೂರಿನಲ್ಲಿ ಬ್ಯಾಂಕ್ ಅಧಿಕಾರಿ ಬದುಕುವುದೇ ಅದರಿಂದ. ಬ್ಯಾಂಕೇ ಮನೆ ಮಾಲೀಕರ ಜೊತೆ ಕರಾರು ಮಾಡಿ ಬಾಡಿಗೆ ಕಟ್ಟುತ್ತದೆ, ಸ್ಕೇಲ್ ಮತ್ತು ಊರು ನೋಡಿ ಮೇಲ್ಮಿತಿ ಇರುತ್ತದೆ. ದೊಡ್ಡ ಊರಿಗೆ ದೊಡ್ಡ ಮಿತಿ, ಹಳ್ಳಿಗೆ ಸಣ್ಣ ಮಿತಿ. ಹಳ್ಳಿಯಲ್ಲಿ ಬಾಡಿಗೆ ಕಡಿಮೆ, ಆದ್ದರಿಂದ ಮಿತಿಯೂ ಕಡಿಮೆ ಅನ್ನುವ ವಾದ. ಆದರೆ ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಒಂದು ಕಾರಣ, ಬಾಡಿಗೆಗೆ ಕೊಡುವಂಥ ಮನೆಯೇ ಇರುವುದಿಲ್ಲ. ಇದ್ದರೆ ಮಾಲೀಕರ ಹತ್ತಿರ ಬ್ಯಾಂಕು ಕೇಳುವ ಕಾಗದ ಇರುವುದಿಲ್ಲ. ಮನೆ ಅಜ್ಜನ ಹೆಸರಿನಲ್ಲಿ, ಪಾಲು ಆಗಿಲ್ಲ, ಕರಾರಿಗೆ ಸಹಿ ಹಾಕಲು ಅಣ್ಣತಮ್ಮಂದಿರು ಒಪ್ಪುವುದಿಲ್ಲ. ನಾನು ಇದ್ದ ಊರಿನಲ್ಲಿ ಮನೆ ಸಿಗದೆ ಮೂವತ್ತು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿದೆ. ದಿನಾ ಬಸ್ಸು, ಇಲ್ಲ ಬೈಕು. ಕಾಗದದ ಮೇಲೆ ಮಾತ್ರ ನಾನು ಕಡಿಮೆ ಬಾಡಿಗೆಯ ಊರಿನ ಮ್ಯಾನೇಜರ್.

ಹಳ್ಳಿ ಪೋಸ್ಟಿಂಗಿನ ನಿಜವಾದ ಖರ್ಚು ಹಳ್ಳಿಯಲ್ಲಿ ಇರುವುದೇ ಇಲ್ಲ. ಅದು ಇನ್ನೊಂದು ಊರಿನಲ್ಲಿ ಇರುತ್ತದೆ. ಮಗಳು ಪಿಯುಸಿಯಲ್ಲಿ ಇದ್ದಾಳೆ, ಅಲ್ಲಿಗೆ ಕರೆದುಕೊಂಡು ಹೋಗಲು ಆಗಲ್ಲ. ಹೆಂಡತಿಯೋ ಗಂಡನೋ ಬೇರೆ ಊರಿನಲ್ಲಿ ಕೆಲಸದಲ್ಲಿ ಇರುತ್ತಾರೆ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದ್ದರೆ ಯಾವ ಹಳ್ಳಿಗೆ ಕರೆದುಕೊಂಡು ಹೋಗುವುದು? ಹಾಗಾಗಿ ಸಂಸಾರ ಹಳೇ ಊರಿನಲ್ಲೇ ಉಳಿಯುತ್ತದೆ, ಅಲ್ಲಿ ಒಂದು ಬಾಡಿಗೆ, ಇಲ್ಲಿ ಒಂದು ಒಲೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಸಿಗುವ ವಾರ, ಶುಕ್ರವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ರಾತ್ರಿ ವಾಪಸ್. ರಾಯಚೂರಿನಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೋಗಿಬರುವ ಬ್ಯಾಂಕಿನವರನ್ನೆಲ್ಲ ಲೆಕ್ಕ ಹಾಕಿದರೆ ಒಂದು ಶಾಖೆ ತೆಗೆಯುವಷ್ಟು ಜನ ಸಿಗುತ್ತಾರೆ. ಈ ಖರ್ಚು ಯಾವ ಭತ್ಯೆಯಲ್ಲೂ ಸೇರಿಲ್ಲ. ಪಟ್ಟಿ ಮಾಡುವವರು ಮ್ಯಾನೇಜರ್ ಎಲ್ಲಿ ಕೂತಿದ್ದಾನೆ ಅನ್ನುವುದನ್ನು ಮಾತ್ರ ನೋಡುತ್ತಾರೆ. ಅವನ ಸಂಸಾರ ಎಲ್ಲಿರಬೇಕಾಗಿ ಬಂತು, ಯಾಕೆ ಬಂತು ಅನ್ನುವುದನ್ನು ಕೇಳುವುದಿಲ್ಲ.

ಡಿಎ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿಮ್ಲಾದ ಲೇಬರ್ ಬ್ಯೂರೋ ದೇಶದ 88 ಕೇಂದ್ರಗಳಿಂದ ಬೆಲೆ ಸಂಗ್ರಹಿಸಿ ಸೂಚ್ಯಂಕ ಮಾಡುತ್ತದೆ, ಅದರ ಸರಾಸರಿ ಮೇಲೆ ಮೂರು ತಿಂಗಳಿಗೊಮ್ಮೆ ನಮ್ಮ ಡಿಎ ಬದಲಾಗುತ್ತದೆ. ಇಡೀ ದೇಶಕ್ಕೆ ಒಂದೇ. ಅದು ಹಾಗೇ ಇರಲಿ.

ಊರಿನ ಲೆಕ್ಕದಲ್ಲಿ ನನಗೆ ಅತ್ಯಂತ ಬೇಸರ ತರುವುದು ಊರನ್ನು ಅಳೆಯುವ ಅಳತೆಗೋಲು. ರಿಸರ್ವ್ ಬ್ಯಾಂಕಿನ ವಿಂಗಡಣೆಯಲ್ಲಿ 10 ಸಾವಿರದ ಒಳಗೆ ಜನ ಇದ್ದರೆ ಗ್ರಾಮೀಣ. 10 ಸಾವಿರದಿಂದ 1 ಲಕ್ಷದ ಒಳಗೆ ಅರೆನಗರ. 1 ಲಕ್ಷದಿಂದ 10 ಲಕ್ಷದ ಒಳಗೆ ನಗರ. ಅದರ ಮೇಲೆ ಮೆಟ್ರೊ. ಸಂಬಳದ ಒಪ್ಪಂದಗಳು ತಮ್ಮದೇ ಏರಿಯಾ ಲೆಕ್ಕ ಇಟ್ಟುಕೊಂಡಿದ್ದರೂ ಅವೂ ನಿಂತಿರುವುದು ಜನಸಂಖ್ಯೆ ಮೇಲೆಯೇ. ಆ ಜನಸಂಖ್ಯೆ ಯಾವ ವರ್ಷದ್ದು? 2011ರ ಜನಗಣತಿಯದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. 2011ರಲ್ಲಿ ಮೈಸೂರು 10 ಲಕ್ಷ ದಾಟಿರಲಿಲ್ಲ, ಹುಬ್ಬಳ್ಳಿ-ಧಾರವಾಡವೂ ದಾಟಿರಲಿಲ್ಲ. ಹಾಗಾಗಿ ಅವೆರಡೂ ಮೆಟ್ರೊ ಅಲ್ಲ. ಇವತ್ತು ಮೈಸೂರಿನಲ್ಲಿ ಮನೆ ಹುಡುಕಿದವರಿಗೆ ಗೊತ್ತು ಅಲ್ಲಿನ ಬಾಡಿಗೆ ಎಷ್ಟು ಬದಲಾಗಿದೆ ಅಂತ. ಬೆಂಗಳೂರಿನ ಸುತ್ತ ಇನ್ನೂ ವಿಚಿತ್ರ. ಕಾಗದದಲ್ಲಿ ಹಳ್ಳಿ, ಕಣ್ಣಿಗೆ ಅಪಾರ್ಟ್‌ಮೆಂಟು. ಇತ್ತ ನಾನಿದ್ದ ಹಳ್ಳಿಯೂ ಗ್ರಾಮೀಣ, ಅತ್ತ ವಿಮಾನ ನಿಲ್ದಾಣದ ರಸ್ತೆಯಿಂದ ಹತ್ತು ನಿಮಿಷ ಒಳಗೆ ಹೋದರೆ ಸಿಗುವ ಶಾಖೆಯೂ ಗ್ರಾಮೀಣ. ಎರಡರಲ್ಲೂ ಕೂತ ಮ್ಯಾನೇಜರ್‌ಗೆ ಪಟ್ಟಿ ಒಂದೇ ಥರ ನೋಡುತ್ತದೆ. ಎಷ್ಟೋ ಬ್ಯಾಂಕುಗಳಲ್ಲಿ ಪ್ರಮೋಷನ್‌ಗೆ ಗ್ರಾಮೀಣ ಅಥವಾ ಅರೆನಗರ ಶಾಖೆಯಲ್ಲಿ ಕೆಲಸ ಮಾಡಿರಬೇಕು ಅನ್ನುವ ಷರತ್ತು ಇದೆ. ಬೆಂಗಳೂರಿನ ಪಕ್ಕದ ಈ ಹೆಸರಿಗೆ ಹಳ್ಳಿ ಶಾಖೆಗೆ ಯಾರು ಹೋಗುತ್ತಾರೆ, ರಾಯಚೂರು ಜಿಲ್ಲೆಯ ಮಸ್ಕಿಯ ಕಡೆಗೆ ಯಾರು ಹೋಗುತ್ತಾರೆ ಅನ್ನುವುದು ಬ್ಯಾಂಕಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತಿದೆ. ಇಬ್ಬರಿಗೂ ಸಿಗುವ ಅಂಕ ಒಂದೇ ಆದರೆ ಅದು ಅನ್ಯಾಯ ಅಲ್ವಾ?

ಸಿಸಿಎ (ಸಿಟಿ ಕಾಂಪೆನ್ಸೇಟರಿ ಅಲೊವೆನ್ಸ್), ಲೊಕೇಶನ್ ಅಲೊವೆನ್ಸ್ ಅಂತ ಇನ್ನೆರಡು ಹೆಸರು ಬರುತ್ತವೆ. ದೊಡ್ಡ ಊರಿಗೆ ಸಿಸಿಎ, ಅದು ಇಲ್ಲದ ಊರಿಗೆ ಲೊಕೇಶನ್ ಅಲೊವೆನ್ಸ್ ಅನ್ನುವ ಯೋಚನೆಯಲ್ಲಿ ಬಂದವು. ಮೊತ್ತ ಎಷ್ಟು ಸಣ್ಣದು ಅಂದರೆ ಪೋಸ್ಟಿಂಗ್ ಬಂದಾಗ ಯಾರೂ ಅದನ್ನು ಲೆಕ್ಕ ಹಾಕುವುದಿಲ್ಲ. ಅದರ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ.

ಆದರೆ ಒಂದು ಭತ್ಯೆ ಇದೆ, ಅದು ನನಗೆ ತುಂಬಾ ಆಸಕ್ತಿ ಹುಟ್ಟಿಸಿದ್ದು. ಹಿಲ್ ಅಂಡ್ ಫ್ಯುಯೆಲ್ ಅಲೊವೆನ್ಸ್. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ 1,500ರ ಒಳಗಿನ ಊರಿಗೆ ಒಂದು ದರ, 3,000ದವರೆಗೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. ಆ ಮೊದಲ ಸಾಲಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಪ್ಪಂದದ ಒಳಗೆ ನಮ್ಮ ಮಡಿಕೇರಿಯ ಹೆಸರು ಬರೆದಿದ್ದಾರೆ, "ಮರ್ಕೆರಾ ಟೌನ್" ಅನ್ನುವ ಹಳೇ ಹೆಸರಿನಲ್ಲೇ. ಮಡಿಕೇರಿಯ ಚಳಿ, ಮಳೆ ಅಲ್ಲಿ ಬದುಕುವವರಿಗೆ ಖರ್ಚು ತರುತ್ತದೆ ಅಂತ ಯಾರೋ ಒಬ್ಬರು ಪಟ್ಟು ಹಿಡಿದು ಆ ಹೆಸರನ್ನು ಒಳಗೆ ಸೇರಿಸಿರಬೇಕು. ಅಂದರೆ ಊರನ್ನು ತಲೆ ಎಣಿಸಿ ಅಲ್ಲ, ಊರು ಹೇಗಿದೆ ಅಂತ ನೋಡಿ ಭತ್ಯೆ ಕೊಡಲು ಆಗುತ್ತದೆ. ಆಗಿದೆ. ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅದಕ್ಕೆ ಇದು ಇಲ್ಲ, ಯಾಕೆಂದರೆ ಅಳತೆ ಮೀಟರಿನದು, ಮಳೆಯದಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿಗೆ ಚಳಿಯ ಬದಲು ಬಿಸಿಲಿನ ಭತ್ಯೆ ಅನ್ನುವುದು ಯಾರಿಗೂ ಹೊಳೆದೇ ಇಲ್ಲ. ಕರೆಂಟು ಹೋಗಿ, ಯುಪಿಎಸ್ ಕೂಗಿ, ಜನರೇಟರ್‌ಗೆ ಡೀಸೆಲ್ ತರಲು ಹೋದ ಹುಡುಗ ಇನ್ನೂ ಬಾರದೆ, ಕೌಂಟರ್ ಮುಂದೆ ಅರವತ್ತು ಜನ ನಿಂತ ಒಂದು ಮಧ್ಯಾಹ್ನವನ್ನು ಪಟ್ಟಿ ಮಾಡುವವರು ಒಮ್ಮೆ ನೋಡಬೇಕು ಅಂತ ನನಗೆ ನಿಜವಾಗಿ ಆಸೆ ಇದೆ.

ಈಶಾನ್ಯ ರಾಜ್ಯಗಳು, ಲಡಾಖ್, ಅಂಡಮಾನ್‌ನಂಥ ಕಡೆಗೆ ಸ್ಪೆಷಲ್ ಏರಿಯಾ ಅಲೊವೆನ್ಸ್ ಇದೆ. ಅದು ಬೇಕೇ ಬೇಕು. ಕನ್ನಡದ ಅಧಿಕಾರಿಗಳಿಗೆ ಇದು ಈಗ ಮೊದಲಿಗಿಂತ ಹತ್ತಿರದ ವಿಷಯ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಹೋಯಿತು, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ನಮ್ಮ ನೆಲದಲ್ಲಿ ಹುಟ್ಟಿದ ಈ ಬ್ಯಾಂಕುಗಳ ಶಾಖೆಗಳು ಇಲ್ಲೇ ದಟ್ಟವಾಗಿದ್ದವು. ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದಮೇಲೆ ಪೋಸ್ಟಿಂಗ್‌ನ ನಕ್ಷೆಯೂ ದೊಡ್ಡದಾಯಿತು. ಪ್ರಮೋಷನ್ ತಗೊಂಡರೆ ಎಲ್ಲಿಗೆ ಹಾಕುತ್ತಾರೋ ಅನ್ನುವ ಹೆದರಿಕೆಗೆ ಸ್ಕೇಲ್ ಟೂನಲ್ಲೇ ನಿಂತ ಹೆಣ್ಣುಮಕ್ಕಳು ನನಗೆ ಗೊತ್ತಿದ್ದಾರೆ. ಬಹಳ ಸಮರ್ಥರು, ನನಗಿಂತ ಚೆನ್ನಾಗಿ ಕ್ರೆಡಿಟ್ ಗೊತ್ತಿರುವವರು. ಬೇಡ ಅಂದಿದ್ದು ಕೆಲಸಕ್ಕೆ ಅಲ್ಲ, ಮಕ್ಕಳನ್ನು ಬಿಟ್ಟು ಹೋಗುವುದಕ್ಕೆ. ಸಂಬಳದ ಗ್ರೇಡ್ ಎಲ್ಲರಿಗೂ ಒಂದೇ ಅಂತ ನಾವು ಹೇಳುತ್ತೇವಲ್ಲ, ಆ ಗ್ರೇಡಿಗೆ ಹತ್ತುವ ಮೆಟ್ಟಿಲು ಪೋಸ್ಟಿಂಗ್ ಮೇಲೆ ನಿಂತಿರುವಾಗ ಒಂದೇ ಅನ್ನುವ ಮಾತು ಅರ್ಧ ಮಾತ್ರ ನಿಜ.

ಬೆಂಗಳೂರಿನ ಸಹೋದ್ಯೋಗಿಗಳು ಇದನ್ನು ಓದಿ ಸಿಟ್ಟಾಗಬೇಡಿ. ನಿಮ್ಮ ಕಷ್ಟ ನನಗೆ ಈಗ ದಿನಾ ಕಾಣುತ್ತಿದೆ. ಬಾಡಿಗೆ, ಅಡ್ವಾನ್ಸ್, ಸ್ಕೂಲ್ ಫೀಸ್, ಬೆಳಿಗ್ಗೆ ಒಂದೂವರೆ ಗಂಟೆ ಸಂಜೆ ಒಂದೂವರೆ ಗಂಟೆ ರಸ್ತೆಯಲ್ಲಿ. ಹಳ್ಳಿಯಲ್ಲಿ ಮ್ಯಾನೇಜರ್ ಅಂದರೆ ಊರೇ ಎದ್ದು ನಿಲ್ಲುತ್ತದೆ, ಇಲ್ಲಿ ಗ್ರಾಹಕ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾನೆ. ವಂಚನೆಯ ಅಪಾಯ ಇಲ್ಲಿ ಎಷ್ಟೋ ಪಾಲು ಜಾಸ್ತಿ. ಎಲ್ಲಾ ಊರಿಗೂ ಒಂದೇ ಶೇಕಡಾ ಬಾಡಿಗೆ ಭತ್ಯೆ ಅನ್ನುವುದು ನಿಮಗೆ ಆದ ಅನ್ಯಾಯ, ಅದನ್ನು ಮೇಲೆಯೇ ಹೇಳಿದ್ದೇನೆ. ಆದರೆ "ಬೆಂಗಳೂರಿಗೆ ಜಾಸ್ತಿ ಕೊಡಿ" ಅಂತ ಕೇಳುವಾಗ "ಹಳ್ಳಿಯವರಿಗೆ ಏನು ಖರ್ಚು" ಅನ್ನುವ ಮಾತನ್ನು ಜೊತೆಗೆ ಸೇರಿಸಬೇಡಿ. ಎರಡೂ ಕಡೆ ಖರ್ಚು ಇದೆ. ಒಂದು ಕಡೆ ಇರುವುದಕ್ಕೆ ದುಡ್ಡು ಕೊಡಬೇಕು, ಇನ್ನೊಂದು ಕಡೆ ಇಲ್ಲದಿರುವುದಕ್ಕೆ ಕೊಡಬೇಕು.

ಇಲ್ಲದಿರುವುದನ್ನು ಅಳೆಯುವುದು ಹೇಗೆ ಅಂತ ಕೇಳಬಹುದು. ಅದನ್ನು ಅಳೆದವರು ನಮ್ಮ ರಾಜ್ಯದಲ್ಲೇ ಇದ್ದರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳ ಮೇಲೆ ನೋಡಿ, 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದಲ್ಲಿ ಇದ್ದವು. ವರದಿ ಹಳೆಯದಾಯಿತು, ಅಂಕಿ ಬದಲಾಗಿರಬಹುದು, ಆದರೆ ದಾರಿ ಸರಿ ಇದೆ. ಊರಿನಲ್ಲಿ ಎಷ್ಟು ತಲೆ ಇವೆ ಅನ್ನುವುದರ ಜೊತೆಗೆ ಪಿಯು ಕಾಲೇಜು ಎಷ್ಟು ದೂರ, ಆಪರೇಷನ್ ಮಾಡುವ ಆಸ್ಪತ್ರೆ ಎಷ್ಟು ದೂರ, ಬಾಡಿಗೆಗೆ ಮನೆ ಇದೆಯಾ, ರಾತ್ರಿ ಬಸ್ಸು ಇದೆಯಾ ಅಂತ ನೋಡಿ. ಇದಕ್ಕೆ ಹೊಸ ಸಮೀಕ್ಷೆ ಬೇಡ. ಒಂದೊಂದು ಶಾಖೆಗೂ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಷನ್‌ಗೆ ಜನ ಬರುತ್ತಾರೆ, ಸೇಫ್ ರೂಮಿನ ಗೋಡೆಯವರೆಗೆ ಬರೆದುಕೊಂಡು ಹೋಗುತ್ತಾರೆ. ಇನ್ನು ನಾಲ್ಕು ಸಾಲು ಬರೆಯಲು ಕಷ್ಟ ಏನಿಲ್ಲ.

ಇನ್ನೊಂದು ಮಾತು ಇದರ ಜೊತೆಗೇ ಬರುತ್ತದೆ. ಭತ್ಯೆ ಕೊಟ್ಟರೆ ಸಾಕು ಅಂತ ನಾನು ಹೇಳುತ್ತಿಲ್ಲ. ಊರಿನ ಭತ್ಯೆ ಆ ಊರಿನಲ್ಲಿ ಇರುವವರೆಗೆ ಮಾತ್ರ ಬರುತ್ತದೆ, ಟ್ರಾನ್ಸ್‌ಫರ್ ಆದ ತಿಂಗಳು ನಿಲ್ಲುತ್ತದೆ. 2010ರ ಏಪ್ರಿಲ್ ನಂತರ ಸೇರಿದವರಿಗೆ ಹಳೇ ಪೆನ್ಷನ್ ಇಲ್ಲ, ತಿಂಗಳು ತಿಂಗಳು ಪಾಲು ಕಟ್ಟುವ ಎನ್‌ಪಿಎಸ್ (ರಾಷ್ಟ್ರೀಯ ಪೆನ್ಷನ್ ಯೋಜನೆ). ಅದಕ್ಕೆ ಬ್ಯಾಂಕು ಹಾಕುವ ಶೇ. 14 ಪಾಲು ಬೇಸಿಕ್ ಮತ್ತು ಡಿಎ ಮೇಲೆ ಮಾತ್ರ. ಬಾಡಿಗೆ ಭತ್ಯೆ, ಬೆಟ್ಟದ ಭತ್ಯೆ ಯಾವುದೂ ಅಲ್ಲಿ ಸೇರುವುದಿಲ್ಲ. ಕಷ್ಟದ ಊರಿನಲ್ಲಿ ಕಳೆದ ವರ್ಷಗಳು ನಿವೃತ್ತಿಯ ಲೆಕ್ಕದಲ್ಲಿ ಕಾಣಬೇಕಾದರೆ ಭತ್ಯೆಯಿಂದ ಆಗುವುದಿಲ್ಲ, ಇನ್‌ಕ್ರಿಮೆಂಟಿನಿಂದ ಆಗಬೇಕು. ಕಷ್ಟದ ಶಾಖೆ ಅಂತ ಗುರುತಿಸಿದ ಕಡೆ ಒಂದು ಅವಧಿ ಮುಗಿಸಿದವರಿಗೆ ಒಂದು ಇನ್‌ಕ್ರಿಮೆಂಟ್ ಕೊಡಿ. ಸ್ಕೇಲ್ ಟೂನಲ್ಲಿ ಅದು 2,340 ಅಥವಾ 2,680 ರೂಪಾಯಿ. ಬ್ಯಾಂಕಿಗೆ ದೊಡ್ಡ ಮೊತ್ತ ಅಲ್ಲ, ಆದರೆ ಅದು ಆ ವ್ಯಕ್ತಿಯ ಜೊತೆ ನಿವೃತ್ತಿಯವರೆಗೆ ಬರುತ್ತದೆ. ಗ್ರೇಡ್ ಮುರಿಯಬೇಕಾಗಿಲ್ಲ, ಪಿಳ್ಳೈ ಸಮಿತಿ ಕಟ್ಟಿದ ಸಮಾನತೆಯೂ ಹಾಳಾಗುವುದಿಲ್ಲ.

ಈಗಿನ ಒಪ್ಪಂದದ ಐದು ವರ್ಷ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಹೊಸ ಜನಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಎರಡೂ ಒಂದೇ ವರ್ಷ ಬರುತ್ತಿವೆ. ಗಣತಿಯಾದಮೇಲೆ ಊರುಗಳ ವಿಂಗಡಣೆ ಬದಲಾದಾಗ, ಬಹಳಷ್ಟು ಹಳ್ಳಿ ಶಾಖೆಗಳು ಅರೆನಗರ ಆಗುತ್ತವೆ, ಅರೆನಗರದವು ನಗರ ಆಗುತ್ತವೆ, ಹಳೇ ಅಳತೆಗೋಲನ್ನೇ ಹಿಡಿದು ಮತ್ತೆ ಹದಿನೈದು ವರ್ಷ ಓಡಿಸಿಬಿಡುತ್ತಾರೆ ಅನ್ನುವುದು ನನ್ನ ಭಯ. ಬೇಡಿಕೆ ಪಟ್ಟಿಗೆ ಸಲಹೆ ಕಳಿಸಿ ಅಂತ ಸಂಘದ ಸುತ್ತೋಲೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಬೇಸಿಕ್ ಶೇಕಡಾ ಎಷ್ಟು ಬೇಕು ಅಂತ ಬರೆದು ಸುಮ್ನೆ ಆಗುತ್ತೇವೆ. ಈ ಸಲ ನಿಮ್ಮ ಶಾಖೆಯ ಹೆಸರು ಬರೆಯಿರಿ. ಅಲ್ಲಿಂದ ಪಿಯು ಕಾಲೇಜು ಎಷ್ಟು ಕಿಲೋಮೀಟರ್, ಆಸ್ಪತ್ರೆ ಎಷ್ಟು ಕಿಲೋಮೀಟರ್, ನಿಮ್ಮ ಸಂಸಾರ ಎಲ್ಲಿದೆ, ಮಂಜೂರಾದ ಸಿಬ್ಬಂದಿ ಎಷ್ಟು, ಇರುವವರು ಎಷ್ಟು, ನೀವು ರಜೆ ಹಾಕಿದರೆ ಬೀಗದ ಕೈ ಯಾರಿಗೆ ಕೊಡುತ್ತೀರಿ ಅಂತ ಬರೆಯಿರಿ. ಬೆಂಗಳೂರಿನವರು ನಿಮ್ಮ ಬಾಡಿಗೆ ಕರಾರಿನ ಮೊತ್ತ ಬರೆಯಿರಿ. ಮಡಿಕೇರಿಯ ಹೆಸರು ಆ ಒಪ್ಪಂದದೊಳಗೆ ಹೋಗಿದ್ದು ಯಾರೋ ಹೀಗೆ ಹೆಸರು ಹಿಡಿದು ಕೇಳಿದ್ದರಿಂದಲೇ ಇರಬೇಕು.